ರಸೀದಿ ಎಲ್ಲಿಗೂ ಹೋಗಿರಲಿಲ್ಲ

ಬೆಳಿಗ್ಗೆ ಏಳೂವರೆಗೆ ಫೋನ್ ಮಾಡಿದ ಹುಡುಗಿಯ ದನಿ ನಡುಗುತ್ತಿತ್ತು. ರಸೀದಿ ಟೇಬಲ್ ಅಳಿಸಿಹೋಗಿದೆ ಎಂದಳು. ಅವಳು ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಸಣ್ಣ ಸಹಕಾರ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಹಿಂದಿನ ರಾತ್ರಿ ಅದರ ಡೇಟಾಬೇಸನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ್ದೆವು. ಬೆಳಗಾಗಿ ನೋಡಿದರೆ ಲಾಗ್ ತುಂಬ ಒಂದೇ ಸಾಲು: ‘ರಿಲೇಶನ್ ರಸೀದಿ ಡಸ್ ನಾಟ್ ಎಕ್ಸಿಸ್ಟ್’. ಅಂಥದ್ದೊಂದು ಟೇಬಲ್ಲೇ ಇಲ್ಲವಂತೆ. ಟೇಬಲುಗಳನ್ನು ಕಟ್ಟುವ ಸ್ಕ್ರಿಪ್ಟನ್ನು ಇನ್ನೊಮ್ಮೆ ಓಡಿಸು, ಇಲ್ಲದ್ದನ್ನು ಮಾತ್ರ ಅದು ಕಟ್ಟುತ್ತದೆ, ಏನೂ ಕೆಡುವುದಿಲ್ಲ ಎಂದು ಹೇಳಿದವನು ನಾನೇ. ಓಡಿಸಿದಳು. ದೋಷದ ಸಾಲು ನಿಂತಿತು. ನಾನು ನನ್ನ ಆಡಳಿತ ಖಾತೆಯಿಂದ ಒಳಹೊಕ್ಕು ರಸೀದಿಗಳನ್ನು ಎಣಿಸಿದೆ. ಹಳೆಯ ಸಾಲುಗಳೆಲ್ಲ ಇದ್ದವು. ಇಬ್ಬರೂ ನಿಟ್ಟುಸಿರು ಬಿಟ್ಟೆವು.

ಮೂರನೆಯ ದಿನ ಒಂದು ಸಂಘದ ಗುಮಾಸ್ತರು ಕರೆ ಮಾಡಿದರು. ‘ರಸೀದಿ ನಂಬರು ಒಂದರಿಂದ ಯಾಕೆ ಶುರುವಾಗಿದೆ? ಹೋದ ತಿಂಗಳದ್ದು ಹುಡುಕಿದರೆ ಸಿಗುತ್ತಿಲ್ಲವಲ್ಲ?’

ಆಗ ಗೊತ್ತಾಯಿತು, ರಸೀದಿ ಎಂಬ ಹೆಸರಿನ ಟೇಬಲ್ ಈಗ ಒಂದಲ್ಲ, ಎರಡು. ಹಳೆಯದು ತನ್ನ ಜಾಗದಲ್ಲಿ ಕೂದಲೂ ಕೊಂಕದೆ ಕೂತಿತ್ತು. ಮೂರು ದಿನದ ಹಣವೆಲ್ಲ ಇನ್ನೊಂದರಲ್ಲಿ ಬಿದ್ದಿತ್ತು. ನನ್ನ ಕಣ್ಣಿಗೆ ಹಳೆಯದು ಕಾಣುತ್ತಿತ್ತು, ತಂತ್ರಾಂಶದ ಕಣ್ಣಿಗೆ ಹೊಸದು. ಹೆಸರು ಒಂದೇ ಆಗಿದ್ದರಿಂದ ಇಬ್ಬರೂ ಒಂದನ್ನೇ ನೋಡುತ್ತಿದ್ದೇವೆ ಎಂದುಕೊಂಡಿದ್ದೆ.

ಡೇಟಾಬೇಸ್ ‘ಇಲ್ಲ’ ಎಂದರೆ ಜಗತ್ತಿನಲ್ಲೇ ಇಲ್ಲ ಎಂದಲ್ಲ. ‘ನೀನು ಹೇಳಿದ ಕಡೆಗಳಲ್ಲಿ, ನನಗೆ ಹೋಗಲು ಬಿಟ್ಟ ಕಡೆಗಳಲ್ಲಿ ಹುಡುಕಿದೆ, ಸಿಗಲಿಲ್ಲ’ ಎಂದಷ್ಟೇ ಅದರ ಅರ್ಥ. ಈ ವ್ಯತ್ಯಾಸ ಮನಸ್ಸಿಗೆ ಇಳಿಯದೆ ನಾನು ಎಷ್ಟೋ ವರ್ಷ ಈ ಕೆಲಸ ಮಾಡಿದ್ದೆ.

ನಾವು ಬಳಸುತ್ತಿದ್ದದ್ದು ಪೋಸ್ಟ್‌ಗ್ರೆಸ್. ಮೈಕೆಲ್ ಸ್ಟೋನ್‌ಬ್ರೇಕರ್ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಯೋಜನೆ ಅದು. 1996ರಿಂದ ಅದರ ಹೆಸರು ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಬಾಯಿಮಾತಿನಲ್ಲಿ ಮಾತ್ರ ಇಂದಿಗೂ ಪೋಸ್ಟ್‌ಗ್ರೆಸ್. ಮೊದಮೊದಲು ಅದರಲ್ಲಿ ಒಂದು ಡೇಟಾಬೇಸಿನೊಳಗೆ ಒಂದು ಹೆಸರಿಗೆ ಒಂದೇ ಟೇಬಲ್. 2002ರಲ್ಲಿ ಬಂದ 7.3ನೇ ಆವೃತ್ತಿ ಸ್ಕೀಮಾ ಎಂಬ ಒಳಕೋಣೆಗಳನ್ನು ತಂದಿತು. ಒಂದೇ ಮನೆ, ಹಲವು ಕೋಣೆ. ಪ್ರತಿ ಕೋಣೆಯಲ್ಲೂ ರಸೀದಿ ಎಂಬ ಪೆಟ್ಟಿಗೆ ಇರಬಹುದು. ಅಂದಮೇಲೆ ಬರೀ ‘ರಸೀದಿ’ ಎಂದರೆ ಯಾವ ಕೋಣೆಯದು? ಇದನ್ನು ತೀರ್ಮಾನಿಸುವುದು ಸರ್ಚ್ ಪಾತ್, ಅಂದರೆ ಹುಡುಕುವ ಹಾದಿ. ಇಂಥಿಂಥ ಕೋಣೆಗಳನ್ನು ಇದೇ ಕ್ರಮದಲ್ಲಿ ನೋಡು ಎಂಬ ಪಟ್ಟಿ ಅದು. ಮೊದಲು ಸಿಕ್ಕಿದ್ದೇ ಉತ್ತರ, ಅದರಾಚೆ ಹುಡುಕಾಟವಿಲ್ಲ.

ಹಳೆ ಮೈಸೂರಿನ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮ ಹೆಸರುಗಳೇ ಹೀಗಿವೆ. ನರಸಿಂಹಸ್ವಾಮಿ ಎಂದರೆ ಯಾವ ನರಸಿಂಹಸ್ವಾಮಿ? ಕೆ.ಎಸ್. ನರಸಿಂಹಸ್ವಾಮಿ ಎಂದೊಡನೆ ಕಿಕ್ಕೇರಿಯ ಸುಬ್ಬರಾಯರ ಮಗ ಎಂದು ಊರು, ತಂದೆ ಎಲ್ಲ ಕೂಡಿಬರುತ್ತದೆ. ಶ್ರೀಕಂಠಯ್ಯ ಊರಿಗೆ ಹತ್ತು ಮಂದಿ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ಬಿ.ಎಂ.ಶ್ರೀ., ಒಬ್ಬರೇ. ಪೋಸ್ಟ್‌ಗ್ರೆಸ್ ಕೂಡ ಹೆಸರಿನ ಹಿಂದೆ ಊರು ಬರೆದು ಚುಕ್ಕಿ ಇಟ್ಟರೆ ಗೊಂದಲಪಡುವುದಿಲ್ಲ. ‘ಲೆಕ್ಕ.ರಸೀದಿ’ ಎಂದರೆ ಲೆಕ್ಕ ಎಂಬ ಸ್ಕೀಮಾದ ರಸೀದಿ, ಬೇರೆಯದಲ್ಲ. ಮನೆಯೊಳಗೆ ಅಮ್ಮ ಮಗನನ್ನು ಇನಿಶಿಯಲ್ ಸೇರಿಸಿ ಕರೆಯುವುದಿಲ್ಲ, ಸಂದರ್ಭವೇ ಸಾಕು. ಆ ಸಂದರ್ಭದ ಜಾಗದಲ್ಲಿ ಡೇಟಾಬೇಸಿಗೆ ಇರುವುದು ಸರ್ಚ್ ಪಾತ್ ಒಂದೇ. ಸಂದರ್ಭ ಬದಲಾದರೆ ಅದೇ ಹೆಸರಿಗೆ ಬೇರೆಯವರು ಓಗೊಡುತ್ತಾರೆ.

ನಾವಾಗಿ ಏನೂ ಹೇಳದಿದ್ದರೆ ಹಾದಿಯಲ್ಲಿ ಎರಡು ಕೋಣೆ: ಮೊದಲನೆಯದು ಒಳಬಂದ ಖಾತೆಯ ಹೆಸರಿನದೇ ಸ್ಕೀಮಾ, ಎರಡನೆಯದು ಪಬ್ಲಿಕ್. ಪೋಸ್ಟ್‌ಗ್ರೆಸ್ ತನ್ನ ಸ್ವಂತ ಸಾಮಗ್ರಿ ಇಟ್ಟುಕೊಂಡಿರುವ ಪಿಜಿ ಕ್ಯಾಟಲಾಗ್ ಎಂಬ ಕೋಣೆಯನ್ನು ನಾವು ಬರೆಯದಿದ್ದರೂ ಇವೆರಡಕ್ಕೂ ಮೊದಲೇ ನೋಡುತ್ತದೆ. ತಾತ್ಕಾಲಿಕ ಟೇಬಲುಗಳ ಕೋಣೆಯನ್ನು ಅದಕ್ಕೂ ಮೊದಲು. ತಾತ್ಕಾಲಿಕವಾಗಿ ಒಂದು ‘ಸದಸ್ಯರು’ ಟೇಬಲ್ ಮಾಡಿಕೊಂಡವರು ನಿಜವಾದ ಸದಸ್ಯರೆಲ್ಲ ಎಲ್ಲಿ ಹೋದರೆಂದು ಕಂಗಾಲಾಗುವುದು ಇದರಿಂದಲೇ.

ನಮ್ಮಲ್ಲಿ ಆದದ್ದನ್ನು ಈಗ ಬಿಡಿಸಿ ಹೇಳಬಹುದು. ತಂತ್ರಾಂಶದ ಖಾತೆಗೆ ‘ಲೆಕ್ಕ, ಪಬ್ಲಿಕ್’ ಎಂಬ ಹಾದಿ ಇತ್ತು. ಬಹುಪಾಲು ಟೇಬಲುಗಳು ಪಬ್ಲಿಕ್‌ನಲ್ಲಿ, ತಂತ್ರಾಂಶದ ಖಾತೆಯ ಒಡೆತನದಲ್ಲೇ ಇದ್ದವು. ರಸೀದಿ ಮಾತ್ರ ಲೆಕ್ಕ ಸ್ಕೀಮಾದಲ್ಲಿ, ಬೇರೊಂದು ಖಾತೆಯ ಒಡೆತನದಲ್ಲಿತ್ತು. ಬ್ಯಾಕಪ್ ತೆಗೆಯುವಾಗ ಅನುಮತಿಗಳನ್ನು ಬಿಟ್ಟು ತೆಗೆದಿದ್ದೆವು. ಹಾಗಾಗಿ ಹೊಸ ಸರ್ವರಿನಲ್ಲಿ ಲೆಕ್ಕ ಕೋಣೆಯ ಹೊಸ್ತಿಲು ದಾಟುವ ಅನುಮತಿ, ಪೋಸ್ಟ್‌ಗ್ರೆಸ್ ಭಾಷೆಯಲ್ಲಿ ಯೂಸೇಜ್, ತಂತ್ರಾಂಶದ ಖಾತೆಗೆ ಇರಲಿಲ್ಲ. ಅನುಮತಿ ಇಲ್ಲದ ಕೋಣೆ ಹಾದಿಯಲ್ಲಿ ಬಂದರೆ ಪೋಸ್ಟ್‌ಗ್ರೆಸ್ ಜಗಳ ಮಾಡುವುದಿಲ್ಲ, ಸದ್ದಿಲ್ಲದೆ ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ‘ಲೆಕ್ಕ.ರಸೀದಿ’ ಎಂದು ಪೂರ್ತಿ ಬರೆದಿದ್ದರೆ ‘ಪರ್ಮಿಶನ್ ಡಿನೈಡ್’ ಎಂಬ ನೇರ ಉತ್ತರ ಬರುತ್ತಿತ್ತು, ಐದು ನಿಮಿಷದ ಕೆಲಸವಾಗುತ್ತಿತ್ತು. ಬರೀ ‘ರಸೀದಿ’ ಎಂದಿದ್ದರಿಂದ ಅನುಮತಿಯ ದೋಷ ಇಲ್ಲದಿರುವಿಕೆಯ ವೇಷ ತೊಟ್ಟು ಬಂತು.

ಆಮೇಲೆ ನಾನು ಓಡಿಸಲು ಹೇಳಿದ ಸ್ಕ್ರಿಪ್ಟ್. ‘ಇಲ್ಲದಿದ್ದರೆ ಕಟ್ಟು’ ಎಂಬ ಆದೇಶ ಇಡೀ ಹಾದಿಯನ್ನು ನೋಡುತ್ತದೆ ಎಂದು ನಂಬಿದ್ದೆ. ಅದು ನೋಡುವುದು ಹೊಸ ಟೇಬಲ್ ಎಲ್ಲಿ ಏಳಬೇಕೋ ಆ ಒಂದೇ ಕೋಣೆಯನ್ನು, ಅಂದರೆ ಹಾದಿಯಲ್ಲಿ ಪ್ರವೇಶ ಸಿಗುವ ಮೊದಲನೆಯದನ್ನು. ಲೆಕ್ಕ ಮುಚ್ಚಿತ್ತು, ಮುಂದಿನದು ಪಬ್ಲಿಕ್, ಅಲ್ಲಿ ರಸೀದಿ ಇರಲಿಲ್ಲ. ಕಟ್ಟಿತು. ಆ ಕಾಲದ ಆವೃತ್ತಿಗಳಲ್ಲಿ ಪಬ್ಲಿಕ್ ಊರ ಬಾವಿಕಟ್ಟೆಯ ಹಾಗೆ, ಯಾರು ಬೇಕಾದರೂ ಏನು ಬೇಕಾದರೂ ತಂದಿಡಬಹುದಿತ್ತು. 2022ರ ಅಕ್ಟೋಬರ್‌ನಲ್ಲಿ ಬಂದ 15ನೇ ಆವೃತ್ತಿ ಹೊಸ ಡೇಟಾಬೇಸುಗಳಲ್ಲಿ ಈ ಸ್ವಾತಂತ್ರ್ಯವನ್ನು ತೆಗೆದುಹಾಕಿತು. ಆಗ ಹಲವರ ಹಳೆಯ ಸ್ಕ್ರಿಪ್ಟುಗಳು ‘ಪರ್ಮಿಶನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಎಂದು ನಿಂತುಹೋದವು, ಬೇಸರವೂ ಆಯಿತು. ನನಗೆ ಮಾತ್ರ ಆ ಬದಲಾವಣೆಯ ಬೆಲೆ ಗೊತ್ತು.

ಸದ್ದಿಲ್ಲದೆ ದಾಟಿಹೋಗುವ ಈ ಗುಣದಿಂದ ಹುಟ್ಟುವ ತೊಂದರೆಗಳು ಇನ್ನೂ ಇವೆ. ಎಲ್ಲೂ ಇಲ್ಲದ ಸ್ಕೀಮಾದ ಹೆಸರನ್ನು ಹಾದಿಯಲ್ಲಿ ಬರೆದರೂ, ಕಾಗುಣಿತ ತಪ್ಪಿದರೂ ಪೋಸ್ಟ್‌ಗ್ರೆಸ್ ಒಪ್ಪಿಕೊಳ್ಳುತ್ತದೆ. ನಾನು ಅತಿ ಹೆಚ್ಚು ಸಲ ನೋಡಿದ್ದು ಉದ್ಧರಣ ಚಿಹ್ನೆಯ ತಪ್ಪು. ಎರಡು ಸ್ಕೀಮಾಗಳನ್ನೂ ಅಲ್ಪವಿರಾಮವನ್ನೂ ಸೇರಿಸಿ ಒಂದೇ ಉದ್ಧರಣದೊಳಗೆ ಹಾಕಿಬಿಡುತ್ತಾರೆ. ಆಗ ಅದು ಎರಡು ಹೆಸರಲ್ಲ, ನಡುವೆ ಅಲ್ಪವಿರಾಮವಿರುವ ಒಂದೇ ವಿಚಿತ್ರ ಹೆಸರು. ಅಂಥ ಸ್ಕೀಮಾ ಇರುವುದಿಲ್ಲ, ಆದ್ದರಿಂದ ಹಾದಿಯೇ ಖಾಲಿ. ‘ಶೋ ಸರ್ಚ್ ಪಾತ್’ ಎಂದು ಕೇಳಿದಾಗ ಬರುವ ಉತ್ತರದಲ್ಲಿ ಇಡೀ ಪಟ್ಟಿಯ ಸುತ್ತ ಜೋಡಿ ಉದ್ಧರಣ ಕಂಡರೆ ಇದೇ ರೋಗ ಎಂದು ತಿಳಿಯಬೇಕು.

ಶೋ ಎಂಬ ಆದೇಶ ನಾವು ಬರೆದದ್ದನ್ನೇ ಓದಿ ಹೇಳುತ್ತದೆ, ಅಷ್ಟೆ. ನಿಜವಾಗಿ ಯಾವ ಯಾವ ಕೋಣೆಗೆ ಹೋಗುತ್ತಿದೆ ಎಂದು ತಿಳಿಯಲು ‘ಕರೆಂಟ್ ಸ್ಕೀಮಾಸ್’ ಎಂಬ ಫಂಕ್ಷನ್ನಿಗೆ ‘ಟ್ರೂ’ ಎಂಬ ಮಾತು ಕೊಟ್ಟು ಕೇಳಬೇಕು. ಇಲ್ಲದ್ದು, ಅನುಮತಿ ಇಲ್ಲದ್ದು ಎಲ್ಲ ಸೋಸಿಹೋಗಿ, ತಾನಾಗಿ ಸೇರಿಕೊಂಡದ್ದೂ ಕಾಣಿಸುತ್ತದೆ. ಅಂದು ಬೆಳಿಗ್ಗೆ ತಂತ್ರಾಂಶದ ಖಾತೆಯಿಂದ ಈ ಒಂದು ಪ್ರಶ್ನೆ ಕೇಳಿದ್ದರೆ ಉತ್ತರದಲ್ಲಿ ಲೆಕ್ಕ ಎಂಬ ಹೆಸರೇ ಇರುತ್ತಿರಲಿಲ್ಲ.

‘ತಂತ್ರಾಂಶದ ಖಾತೆಯಿಂದ’ ಎಂದು ಒತ್ತಿ ಹೇಳಲು ಕಾರಣವಿದೆ. ಹಾದಿಯನ್ನು ಸರ್ವರಿನ ಕಾನ್ಫಿಗರೇಶನ್ ಕಡತದಲ್ಲಿ ಹಾಕಬಹುದು, ಡೇಟಾಬೇಸಿಗೆ ಕಟ್ಟಬಹುದು, ಖಾತೆಗೆ ಕಟ್ಟಬಹುದು, ಈ ಡೇಟಾಬೇಸಿನಲ್ಲಿ ಈ ಖಾತೆಗೆ ಮಾತ್ರ ಎಂದು ಕಟ್ಟಬಹುದು, ಸಂಪರ್ಕದ ಸಾಲಿನಲ್ಲಿ ಕಳಿಸಬಹುದು, ಒಳಗೆ ಬಂದಮೇಲೆ ‘ಸೆಟ್’ ಎಂದು ಬದಲಿಸಬಹುದು. ಹೆಚ್ಚು ಹತ್ತಿರದ್ದು ದೂರದ್ದನ್ನು ಮುಚ್ಚುತ್ತದೆ. ಕಡತದಲ್ಲಿ ತಿದ್ದಿ ತಿದ್ದಿ ಸೋತವರಿಗೆ ಖಾತೆಗೆ ಕಟ್ಟಿದ ಇನ್ನೊಂದು ಹಾದಿ ಅಡ್ಡ ನಿಂತಿರುತ್ತದೆ. ಈಗಿನ ಬೆಲೆ ಎಲ್ಲಿಂದ ಬಂತು ಎಂದು ‘ಪಿಜಿ ಸೆಟ್ಟಿಂಗ್ಸ್’ ಎಂಬ ನೋಟದ ‘ಸೋರ್ಸ್’ ಕಾಲಂ ಹೇಳುತ್ತದೆ. ಖಾತೆಗೆ ಕಟ್ಟಿದ ಹಾದಿಯನ್ನು ಬದಲಿಸಿದರೆ ಆ ಕ್ಷಣಕ್ಕೆ ತೆರೆದಿರುವ ಸಂಪರ್ಕಗಳಿಗೆ ಅದು ತಿಳಿಯುವುದಿಲ್ಲ, ಮುಂದೆ ಹೊಸದಾಗಿ ಬರುವವರಿಗೆ ಮಾತ್ರ. ಒಂದೇ ಡೇಟಾಬೇಸಿನ ಬ್ಯಾಕಪ್ ತೆಗೆದರೆ ಖಾತೆಗೆ ಕಟ್ಟಿದ ಹಾದಿ ಅದರೊಳಗೆ ಬರುವುದೇ ಇಲ್ಲ. ಸರ್ವರ್ ಬದಲಿಸಿದ ಮರುದಿನವೇ ಇಂಥ ದೂರುಗಳು ಬರುವುದರಲ್ಲಿ ಆಶ್ಚರ್ಯವಿಲ್ಲ.

ಇದೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಾನು ಸರಿಯಾದ ಮನೆಯಲ್ಲೇ ಇದ್ದೇನೆಯೆ? ಸಂಪರ್ಕವೇ ಸಿಗದಿದ್ದಾಗ ಬರುವ ಸಂದೇಶಗಳನ್ನು ನಮ್ಮ ಹುಡುಗರು ಓದದೆ ‘ಕನೆಕ್ಟ್ ಆಗ್ತಿಲ್ಲ ಸರ್’ ಎಂದು ಒಂದೇ ಮಾತಿಗೆ ಇಳಿಸುತ್ತಾರೆ. ಆ ಸಂದೇಶಗಳು ನಾವು ಎಷ್ಟು ದೂರ ಬಂದೆವು ಎಂದು ಮೈಲಿಗಲ್ಲಿನಷ್ಟು ಸ್ಪಷ್ಟವಾಗಿ ಹೇಳುತ್ತವೆ. ಬಹಳ ಹೊತ್ತು ಕಾದು ‘ಟೈಮ್ಡ್ ಔಟ್’ ಎಂದರೆ ಬಹುತೇಕ ದಾರಿಯಲ್ಲೇ ಯಾವುದೋ ಫೈರ್‌ವಾಲ್ ನಮ್ಮ ಮಾತನ್ನು ನುಂಗಿದೆ. ತಕ್ಷಣ ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಯಂತ್ರದವರೆಗೆ ತಲುಪಿದ್ದೇವೆ, ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಪೋಸ್ಟ್‌ಗ್ರೆಸ್ ನಿಂತಿರಬಹುದು, 5432 ಬಿಟ್ಟು ಬೇರೆ ಪೋರ್ಟಿನಲ್ಲಿರಬಹುದು, ಇಲ್ಲವೇ ‘ಲಿಸನ್ ಅಡ್ರೆಸಸ್’ ಎಂಬುದನ್ನು ಯಾರೂ ಮುಟ್ಟದೆ ಅದು ತನ್ನ ಯಂತ್ರದೊಳಗಿನ ದನಿಗೆ ಮಾತ್ರ ಓಗೊಡುತ್ತಿರಬಹುದು.

‘ನೋ ಪಿಜಿ ಎಚ್‌ಬಿಎ ಎಂಟ್ರಿ’ ಎಂದರೆ ಬಾಗಿಲವರೆಗೆ ಬಂದಾಯಿತು, ದ್ವಾರಪಾಲಕನ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾರೆ, ಹೊಂದುವ ಮೊದಲ ಸಾಲಿಗೆ ತೀರ್ಪು ಮುಗಿಯುತ್ತದೆ. ಕೆಳಗೆ ಎಷ್ಟು ಉದಾರವಾದ ಸಾಲು ಸೇರಿಸಿದರೂ ಮೇಲಿನ ಕಟ್ಟುನಿಟ್ಟಿನ ಸಾಲು ಮೊದಲು ಸಿಕ್ಕರೆ ಪ್ರಯೋಜನವಿಲ್ಲ. ‘ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್’ ಎಂದರೆ ಪಾಸ್‌ವರ್ಡೇ ತಪ್ಪು ಎಂದು ತೀರ್ಮಾನಿಸಬೇಡಿ. ಆ ಹೆಸರಿನ ಖಾತೆಯೇ ಇಲ್ಲದಿದ್ದರೂ ಹೊರಗಿನವರಿಗೆ ಇದೇ ಉತ್ತರ ಸಿಗುತ್ತದೆ, ಕಳ್ಳರಿಗೆ ಸುಳಿವು ಸಿಗದಿರಲಿ ಎಂದು. ನಿಜವಾದ ಕಾರಣ ಸರ್ವರಿನ ಲಾಗ್‌ನಲ್ಲಿ ಇರುತ್ತದೆ. ಇನ್ನು ‘ಡೇಟಾಬೇಸ್ ಡಸ್ ನಾಟ್ ಎಕ್ಸಿಸ್ಟ್’ ಬಂದರೆ ಸಮಾಧಾನಪಡಿ: ದ್ವಾರಪಾಲಕನ ಪರೀಕ್ಷೆ ಗೆದ್ದಿದ್ದೀರಿ. ಡೇಟಾಬೇಸಿನ ಹೆಸರು ಕೊಡದಿದ್ದರೆ ಪೋಸ್ಟ್‌ಗ್ರೆಸ್ ಖಾತೆಯ ಹೆಸರನ್ನೇ ಡೇಟಾಬೇಸಿನ ಹೆಸರೆಂದು ಹಿಡಿಯುತ್ತದೆ. ಹೊಸಬರ ಮೊದಲ ದಿನದ ದೋಷ ಹಲವು ಸಲ ಇದೇ.

ಇವೆಲ್ಲ ಪ್ರಾಮಾಣಿಕ ದೋಷಗಳು, ತಮ್ಮನ್ನು ತೋರಿಸಿಕೊಳ್ಳುತ್ತವೆ. ಸಂಪರ್ಕ ಸಿಕ್ಕಿ, ಆದರೆ ತಪ್ಪು ಮನೆಯಲ್ಲಿ ಸಿಕ್ಕಿದ್ದು ಹೆಚ್ಚು ಕಾಡುತ್ತದೆ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್‌ನ ಹೊಸ ಆವೃತ್ತಿ ಹಾಕಿದಾಗ ಹಳೆಯದು 5432ರಲ್ಲೇ ಉಳಿದು ಹೊಸದು 5433ರಲ್ಲಿ ಏಳುತ್ತದೆ. ನೀವು ಹೊಸದರಲ್ಲಿ ಟೇಬಲ್ ಕಟ್ಟಿ ಹಳೆಯದರಲ್ಲಿ ಹುಡುಕುತ್ತೀರಿ. ಡಾಕರ್ ಡಬ್ಬಿಯೊಳಗಿನ ತಂತ್ರಾಂಶಕ್ಕೆ ಲೋಕಲ್‌ಹೋಸ್ಟ್ ಎಂದರೆ ಆ ಡಬ್ಬಿಯೇ ಹೊರತು ನಿಮ್ಮ ಯಂತ್ರವಲ್ಲ. ಲಿನಕ್ಸಿನಲ್ಲಿ ಹೋಸ್ಟ್ ಹೇಳದೆ ಪಿಎಸ್‌ಕ್ಯೂಎಲ್ ತೆರೆದರೆ ಅದು ಯುನಿಕ್ಸ್ ಸಾಕೆಟ್ಟಿನ ಒಳಬಾಗಿಲಿನಿಂದ ಹೋಗುತ್ತದೆ. ಲೋಕಲ್‌ಹೋಸ್ಟ್ ಎಂದು ಬರೆದರೆ ಜಾಲದ ಮುಂಬಾಗಿಲಿನಿಂದ. ಎರಡು ಬಾಗಿಲಿಗೂ ಬೇರೆ ಬೇರೆ ನಿಯಮ. ‘ನನ್ನಲ್ಲಿ ಕೆಲಸ ಮಾಡುತ್ತೆ, ತಂತ್ರಾಂಶದಲ್ಲಿ ಮಾಡಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಎರಡು ಬಾಗಿಲು.

ಅದಕ್ಕೇ ಈಗ ನಾನು ಕಾನ್ಫಿಗರೇಶನ್ ಕಡತವನ್ನು ಮೊದಲು ತೆರೆಯುವುದಿಲ್ಲ. ಕಡತ ನಾವು ಏನು ಬಯಸಿದೆವು ಎಂದು ಹೇಳುತ್ತದೆ. ಏನಾಗಿದೆ ಎಂದು ಹೇಳಬಲ್ಲದ್ದು ಆ ಸಂಪರ್ಕವೊಂದೇ. ದೋಷ ಬಂದ ಅದೇ ತಂತ್ರಾಂಶದ, ಅದೇ ಸಂಪರ್ಕದ ಮೂಲಕ ಕೇಳುತ್ತೇನೆ: ನೀನು ಯಾವ ಖಾತೆ, ಯಾವ ಡೇಟಾಬೇಸು, ಸರ್ವರಿನ ವಿಳಾಸ ಯಾವುದು, ಪೋರ್ಟ್ ಯಾವುದು, ಯಾವ ಯಾವ ಸ್ಕೀಮಾ ನಿನಗೆ ಕಾಣುತ್ತಿದೆ? ಐದೂ ಒಂದೇ ಸೆಲೆಕ್ಟ್‌ನಲ್ಲಿ ಕೇಳಬಹುದು. ತಂತ್ರಾಂಶ ಶುರುವಾದೊಡನೆ ಈ ಉತ್ತರವನ್ನು ಲಾಗ್‌ಗೆ ಬರೆದಿಡುವಂತೆ ನಮ್ಮಲ್ಲಿ ಈಗ ಮಾಡಿದ್ದೇವೆ.

ನಡುವೆ ಪೂಲರ್ ಒಂದಿದ್ದರೆ ಈ ಎಚ್ಚರವೂ ಸಾಲದು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಂಪರ್ಕವೂ ಒಂದು ಪ್ರತ್ಯೇಕ ಪ್ರಕ್ರಿಯೆ, ಮೂಲತಃ 100ಕ್ಕೆ ಮಿತಿ. ತುಂಬಿದರೆ ‘ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’. ಆದ್ದರಿಂದ ಪಿಜಿಬೌನ್ಸರ್‌ನಂಥ ಮಧ್ಯವರ್ತಿಯನ್ನು ಇಟ್ಟು ಕೆಲವೇ ಸಂಪರ್ಕಗಳನ್ನು ನೂರಾರು ಜನ ಹಂಚಿಕೊಳ್ಳುತ್ತಾರೆ. ಟ್ರಾನ್ಸಾಕ್ಷನ್ ಪೂಲಿಂಗ್ ಎಂಬ ಕ್ರಮದಲ್ಲಿ ಒಬ್ಬರ ವಹಿವಾಟು ಮುಗಿದೊಡನೆ ಅದೇ ಸಂಪರ್ಕ ಇನ್ನೊಬ್ಬರ ಕೈಗೆ ಹೋಗುತ್ತದೆ. ಈಗ ಯೋಚಿಸಿ: ಪ್ರತಿ ಸಂಘಕ್ಕೂ ಒಂದೊಂದು ಸ್ಕೀಮಾ ಇದೆ, ಎಲ್ಲದರಲ್ಲೂ ಅದೇ ಹೆಸರಿನ ಟೇಬಲುಗಳು. ಮೊದಲ ಸಂಘದವರು ಬಂದಾಗ ತಂತ್ರಾಂಶ ಹಾದಿಯನ್ನು ಅವರ ಸ್ಕೀಮಾಕ್ಕೆ ‘ಸೆಟ್’ ಮಾಡಿತು. ವಹಿವಾಟು ಮುಗಿಯಿತು, ಹಾದಿ ಮಾತ್ರ ಸಂಪರ್ಕದ ಮೇಲೆ ಹಾಗೇ ಉಳಿಯಿತು. ಮುಂದಿನ ಸಂಘದವರು ತಮ್ಮ ಸದಸ್ಯರ ಪಟ್ಟಿ ಕೇಳಿದರೆ ಬರುವುದು ಹಿಂದಿನವರ ಪಟ್ಟಿ. ದೋಷದ ಒಂದು ಸಾಲೂ ಇಲ್ಲ. ನನಗೆ ತಿಳಿದಿರುವ ಸರ್ಚ್ ಪಾತ್ ಅವಘಡಗಳಲ್ಲಿ ಇದಕ್ಕಿಂತ ಭಯದ್ದಿಲ್ಲ, ಬೇರೆಯವರ ಸಾಲದ ಲೆಕ್ಕ ಇನ್ನಾರದೋ ಪರದೆಯ ಮೇಲೆ ತೆರೆಯುತ್ತದೆ. ಮದ್ದು ಚಿಕ್ಕದು: ವಹಿವಾಟು ತೆರೆದು ಅದರೊಳಗೆ ‘ಸೆಟ್ ಲೋಕಲ್’ ಎನ್ನಬೇಕು. ವಹಿವಾಟು ಮುಗಿದಾಗ ಅದು ತಾನೇ ಅಳಿಯುತ್ತದೆ. ಟೇಬಲ್ ಹೆಸರಿನ ಹಿಂದೆ ಸ್ಕೀಮಾವನ್ನು ಬರೆದೇಬಿಡುವುದು ಇನ್ನೂ ಗಟ್ಟಿ.

ಇದು ಭದ್ರತೆಯ ಪ್ರಶ್ನೆಯೂ ಹೌದು ಎಂಬುದು ಎಲ್ಲರಿಗೂ ಮನದಟ್ಟಾದದ್ದು 2018ರ ಮಾರ್ಚ್ 1ರಂದು. ಪೋಸ್ಟ್‌ಗ್ರೆಸ್ ತಂಡ ಅಂದು ಸಿವಿಇ-2018-1058 ಎಂಬ ದೋಷವನ್ನು ಪ್ರಕಟಿಸಿತು. ಅಕ್ಷರಗಳನ್ನು ಚಿಕ್ಕದಾಗಿಸುವ ‘ಲೋವರ್’ ಎಂಬ ಫಂಕ್ಷನ್ ಪಿಜಿ ಕ್ಯಾಟಲಾಗ್‌ನಲ್ಲಿದೆ, ಅದು ‘ಟೆಕ್ಸ್ಟ್’ ಎಂಬ ಬಗೆಯನ್ನು ಸ್ವೀಕರಿಸುತ್ತದೆ. ದುರುದ್ದೇಶದವನೊಬ್ಬ ಪಬ್ಲಿಕ್‌ನಲ್ಲಿ ಅದೇ ಹೆಸರಿನದನ್ನು ‘ವಾರ್‌ಕ್ಯಾರ್’ ಬಗೆಗೆ ಬರೆದಿಟ್ಟ ಎನ್ನಿ. ಪಿಜಿ ಕ್ಯಾಟಲಾಗ್ ಹಾದಿಯಲ್ಲಿ ಮೊದಲಿದೆಯಲ್ಲ, ಭಯವೇನು ಎನ್ನಬಹುದು. ಫಂಕ್ಷನ್ನುಗಳ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಮೊದಲು ಸಿಕ್ಕಿದ್ದಕ್ಕೆ ನಿಲ್ಲುವುದಿಲ್ಲ. ಇಡೀ ಹಾದಿಯಲ್ಲಿ ಕೊಟ್ಟ ಮೌಲ್ಯದ ಬಗೆಗೆ ಯಾವುದು ಚೆನ್ನಾಗಿ ಹೊಂದುತ್ತದೋ ಅದನ್ನು ಆರಿಸುತ್ತದೆ. ಕಾಲಂ ವಾರ್‌ಕ್ಯಾರ್ ಆಗಿದ್ದರೆ ಗೆಲ್ಲುವುದು ಆ ಕಳ್ಳ ಫಂಕ್ಷನ್. ಸರ್ವಾಧಿಕಾರದ ಖಾತೆಯವರು ಏನೂ ಅರಿಯದೆ ಸಾಮಾನ್ಯ ಸೆಲೆಕ್ಟ್ ಓಡಿಸಿದರೂ ಅದರೊಳಗಿನ ಆದೇಶಗಳು ಅವರ ಅಧಿಕಾರದಲ್ಲೇ ನಡೆಯುತ್ತವೆ.

ಅಂದಿನಿಂದ ಪಿಜಿ ಡಂಪ್ ತೆಗೆಯುವ ಪ್ರತಿ ಬ್ಯಾಕಪ್ಪಿನ ಮೊದಲಲ್ಲೇ ಸರ್ಚ್ ಪಾತ್ ಅನ್ನು ಖಾಲಿ ಮಾಡುವ ಸಾಲಿದೆ. ಒಳ್ಳೆಯ ನಿರ್ಧಾರ, ಆದರೆ ಅಂದಿನಿಂದಲೇ ಹೊಸ ಬಗೆಯ ದೂರೂ ಹುಟ್ಟಿತು. ಇಂಡೆಕ್ಸಿನೊಳಗೋ ಮೆಟೀರಿಯಲೈಸ್ಡ್ ವ್ಯೂ ಒಳಗೋ ನಾವೇ ಬರೆದ ಫಂಕ್ಷನ್ ಇದ್ದು, ಆ ಫಂಕ್ಷನ್ನಿನೊಳಗೆ ಊರಿಲ್ಲದ ಹೆಸರು ಇದ್ದರೆ, ಮರಳಿ ತುಂಬುವಾಗ ಖಾಲಿ ಹಾದಿಯಲ್ಲಿ ಅದು ಸಿಗುವುದಿಲ್ಲ. ವರ್ಷಗಟ್ಟಲೆ ಓಡಿದ ಫಂಕ್ಷನ್ ಬ್ಯಾಕಪ್ ಬೇಕಾದ ದಿನವೇ ಕೈಕೊಡುತ್ತದೆ. ಫಂಕ್ಷನ್ ಬರೆಯುವಾಗ ಅದಕ್ಕೇ ಅದರ ಹಾದಿಯನ್ನು ಕಟ್ಟಿಬಿಡಬಹುದು, ಕರೆದವರ ಬದಲು ಒಡೆಯರ ಅಧಿಕಾರದಲ್ಲಿ ಓಡುವ ‘ಸೆಕ್ಯುರಿಟಿ ಡಿಫೈನರ್’ ಆದರಂತೂ ಕಟ್ಟಲೇಬೇಕು. ಪರೀಕ್ಷಿಸಲು ಬ್ಯಾಕಪ್ಪನ್ನು ಆಗಾಗ ಬೇರೆಡೆ ತುಂಬಿ ನೋಡುವುದೊಂದೇ ದಾರಿ.

ಕನ್ನಡದಲ್ಲೇ ಟೇಬಲುಗಳಿಗೆ ಹೆಸರಿಡಬಹುದೇ ಎಂದು ಕೇಳುವವರಿದ್ದಾರೆ. ಇಡಬಹುದು, ನಾವು ಇಟ್ಟಿದ್ದೇವೆ, ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ಇಂಗ್ಲಿಷ್ ಹೆಸರುಗಳನ್ನು ಕಾಡುವ ಒಂದು ಪೀಡೆಯಿಂದ ಪಾರಾಗುತ್ತೇವೆ: ಉದ್ಧರಣದೊಳಗೆ ದೊಡ್ಡಕ್ಷರದಲ್ಲಿ ಕಟ್ಟಿದ ಟೇಬಲ್ ಉದ್ಧರಣವಿಲ್ಲದೆ ಕರೆದರೆ ಓಗೊಡುವುದಿಲ್ಲ, ಅದಕ್ಕೂ ಇದೇ ‘ಡಸ್ ನಾಟ್ ಎಕ್ಸಿಸ್ಟ್’. ಆದರೆ ಹೆಸರಿನ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಗುಣಿತದ ಚಿಹ್ನೆಗೂ ಒತ್ತಿನ ಹಲಂತಕ್ಕೂ ಬೇರೆ ಬೇರೆ ಲೆಕ್ಕ. ಅಂದರೆ ಒಟ್ಟು 21 ಸಂಕೇತ. ಉಳಿದದ್ದನ್ನು ಒಂದು ಸೂಚನೆ ಕೊಟ್ಟು ಕತ್ತರಿಸುತ್ತದೆ. ಒತ್ತಕ್ಷರ ತುಂಬಿದ ಉದ್ದನೆಯ ಸಮಾಸಪದಗಳು ಡೇಟಾಬೇಸಿಗೆ ಒಗ್ಗುವುದಿಲ್ಲ, ರಸೀದಿ, ಲೆಕ್ಕ, ಸಾಲ ಇಂಥ ಗಿಡ್ಡ ಮಾತುಗಳೇ ವಾಸಿ.

ಆ ಎರಡು ಟೇಬಲುಗಳನ್ನು ಕೂಡಿಸಲು ನಮಗೆ ಎರಡು ರಾತ್ರಿ ಹಿಡಿಯಿತು. ಹೊಸ ಟೇಬಲಿನ ಕ್ರಮಸಂಖ್ಯೆ ಒಂದರಿಂದ ಶುರುವಾಗಿತ್ತು. ಆ ಸಂಖ್ಯೆಗಳ ರಸೀದಿಗಳು ಹಳೆಯದರಲ್ಲಿ ಆಗಲೇ ಇದ್ದವು, ಹಾಗಾಗಿ ಸುಮ್ಮನೆ ಸುರಿಯುವಂತಿರಲಿಲ್ಲ. ಮುದ್ರಿಸಿ ಸದಸ್ಯರ ಕೈಗೆ ಕೊಟ್ಟಾಗಿದ್ದ ಸಂಖ್ಯೆಯನ್ನು ಬದಲಿಸುವಂತೆಯೂ ಇರಲಿಲ್ಲ. ಹಳೆಯ ಟೇಬಲಿಗೆ ‘ಮುದ್ರಿತ ಸಂಖ್ಯೆ’ ಎಂಬ ಇನ್ನೊಂದು ಕಾಲಂ ಸೇರಿಸಿ, ಒಂದೊಂದು ಸಂಘದ ಗುಮಾಸ್ತರಿಗೂ ಫೋನ್ ಮಾಡಿ, ಅವರ ಬಳಿಯ ಪ್ರತಿಯನ್ನು ಓದಿಸಿ, ಆ ಹುಡುಗಿಯೇ ಒಂದೊಂದಾಗಿ ಹೊಂದಿಸಿದಳು. ಎಲ್ಲ ತಾಳೆಯಾದ ಮೇಲೆ ಪಬ್ಲಿಕ್‌ನ ರಸೀದಿಗೆ ಬೇರೆ ಹೆಸರಿಟ್ಟು ಒಂದು ವಾರ ಕಾದೆವು. ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ. ಎಂಟನೆಯ ದಿನ ಅಳಿಸಿ, ಪಬ್ಲಿಕ್‌ನಲ್ಲಿ ಹೊಸ ಟೇಬಲ್ ಕಟ್ಟುವ ಅನುಮತಿಯನ್ನು ಎಲ್ಲರಿಂದಲೂ ಹಿಂತೆಗೆದುಕೊಂಡೆವು, ನನ್ನ ಖಾತೆಯಿಂದಲೂ.